ದಯಾಮೂರ್ತಿ ಶ್ರೀ ಬಸವಣ್ಣನವರು

ಹೊನವಾಡದ ಭಕ್ತರಿಗೆ ಬಾಗೇವಾಡಿಯು ಪರಸ್ಥಳವಲ್ಲ. ನಮ್ಮ ವಿಜಯಪುರ ಜಿಲ್ಲೆಯದೇ ಆದ ಪುಣ್ಯಕ್ಷೇತ್ರವು. 12ನೆಯ ಶತಮಾನದಲ್ಲಿ ಅಲ್ಲಿ ಮಾದರಸ-ಮಾದಲಾಂಬಿಕೆಯರ ಪುತ್ರರಾಗಿ ಅವತರಿಸಿದ ಶ್ರೀ ಬಸವಣ್ಣನವರು ಜನಿವಾರವನ್ನು ತೊರೆದು, ಕೃಷ್ಣೆ-ಮಲಪ್ರಭೆಯರು ಕೂಡುವ ಸಂಗಮಕ್ಕೆ ನಡೆದುದೂ, ಮುಂದೆ ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಗಳಾದುದೂ ಸರ್ವವಿದಿತವಾದುದರಿಂದ ಇಲ್ಲಿ ವಿಸ್ತರಿಸುವುದಿಲ್ಲ. ಅವರ ದಯೆಯೊಂದನ್ನೇ ಸ್ಮರಿಸುವೆವು.

ಶಾಸ್ತ್ರದ ನೆವದಿಂದ ಯಜ್ಞಕ್ಕೆ ಹೋತನನ್ನು ಕೊಲ್ಲುತ್ತಿದ್ದ ಕಾಲವದು. ಬಸವಣ್ಣನವರು ಆ ಮೂಕಪ್ರಾಣಿಯನ್ನೇ ಕುರಿತು ವಚನ ನುಡಿದು, ಓದಿದವರ ಮುಂದೆ ಅದರ ಅಳಲಿಗೆ ಬಾಯಿ ಕೊಟ್ಟರು. ಇನ್ನೊಂದು ವಚನದಲ್ಲಿ, ಬಲಿಗೆಂದು ತಂದ ಕುರಿಯು ತನ್ನ ಮರಣವನ್ನರಿಯದೆ ಹಸಿರೆಲೆಯನ್ನು ಮೆಲ್ಲುತ್ತಿದೆ. ಸಾಯಲಿರುವ ಪಶುವಿನ ಹಸಿವನ್ನು ಕಂಡ ಕಣ್ಣು ಅದು! ಕೊಂದವರೂ ಉಳಿಯಲಿಲ್ಲವೆಂಬ ಎಚ್ಚರಿಕೆಯೂ ಅಲ್ಲಿಯೇ ಉಂಟು.

ಆದರೆ ಈ ದಯೆಯು ಮನುಷ್ಯರನ್ನು ಹಳಿಯುವ ಆಯುಧವಾಗಲಿಲ್ಲ. ತೊಗಲಿನ ಕಾಯಕದ ಹರಳಯ್ಯನವರನ್ನು ಶರಣರೆಂದು ಅಪ್ಪಿದವರೂ ಇವರೇ. ಮಾಂಸ ತಿನ್ನುವವನ ನೆರಳಿಗೆ ಹೇಸುತ್ತ, ತನ್ನ ಆಳಿನ ಕೂಲಿಯನ್ನು ಮುರಿದುಕೊಳ್ಳುವ ಯಜಮಾನನು ಈ ದಯೆಗೆ ಹೊರಗಿನವನೇ ಎಂದು ನಮ್ಮ ಭಾವನೆ. ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ಆದ ಮದುವೆಯಿಂದ ರಾಜಕೋಪವೆದ್ದು, ತಂದೆಯರಿಬ್ಬರೂ ವಧೆಗೊಳಗಾದರು. ಬಸವಣ್ಣನವರು ಕಲ್ಯಾಣವನ್ನು ಬಿಟ್ಟು ಸಂಗಮಕ್ಕೆ ಮರಳಿ, 1167ರ ಸುಮಾರಿಗೆ ಅಲ್ಲಿಯೇ ಲಿಂಗೈಕ್ಯರಾದರು.