ಕತ್ತಲಲ್ಲಿ ಕುಳಿತು ಬೆಳಕು ಕಂಡ ವಿಜ್ಞಾನಿ



ಬೆಳಕು ಒಂದು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಹೋಗುತ್ತದೆ, ಅದಕ್ಕಿಂತ ಜೋರಾಗಿ ಯಾವುದೂ ಓಡುವುದಿಲ್ಲ ಅಂತ ಗುರುಗಳು ಹೇಳಿದರು. ಖರೇನೇ ಯಾವುದೂ ಇಲ್ಲವೇ ಅಂತ ನಾನು ಕೇಳಿದೆ. ಕೆಲವರು ನಕ್ಕರು. ಗುರುಗಳು ನಗಲಿಲ್ಲ, ಚೆರೆಂಕೋವ್ ಅವರ ಬಗ್ಗೆ ಓದು ಅಂದರು. ಓದಿದ್ದನ್ನು ಬರೆಯುತ್ತಿದ್ದೇನೆ.

ಪಾವೆಲ್ ಚೆರೆಂಕೋವ್ 1904ರ ಜುಲೈ 28ರಂದು ರಷ್ಯಾ ದೇಶದ ನೋವಾಯಾ ಚಿಗ್ಲಾ ಎಂಬ ಹಳ್ಳಿಯಲ್ಲಿ ಹುಟ್ಟಿದರು. ಅವರ ತಂದೆ ತಾಯಿ ನಮ್ಮವರ ಹಾಗೆ ರೈತರು. 1928ರಲ್ಲಿ ಪದವಿ ಪಡೆದು ಸ್ವಲ್ಪ ಕಾಲ ಮಾಸ್ತರಿಕೆ ಮಾಡಿದರು. 1930ರಲ್ಲಿ ಸಂಶೋಧನಾ ಸಂಸ್ಥೆ ಸೇರಿದರು. ಅಲ್ಲಿ ವಾವಿಲೋವ್ ಎಂಬುವರು ಅವರ ಗುರುಗಳಾದರು.

ರೇಡಿಯಂ ಕಿರಣಗಳನ್ನು ದ್ರವಗಳಲ್ಲಿ ಹಾಯಿಸಿ ನೋಡುವುದು ಅವರ ಕೆಲಸ. ಹೊಳಪು ಬಹಳ ಮಂದ. ಅದಕ್ಕೆ ಅವರು ದಿನಾಲೂ ಒಂದು ತಾಸಿಗಿಂತ ಹೆಚ್ಚು ಹೊತ್ತು ಕತ್ತಲ ಕೋಣೆಯಲ್ಲಿ ಸುಮ್ಮನೆ ಕೂತು, ಕಣ್ಣು ಪಳಗಿದ ಮೇಲೆ ಕೆಲಸ ಶುರು ಮಾಡುತ್ತಿದ್ದರು. ಹಾಗೆ ನೋಡುವಾಗ ಬರೀ ಶುದ್ಧ ನೀರೂ ನೀಲಿಯಾಗಿ ಹೊಳೆಯಿತು! 1934ರಲ್ಲಿ ಇದನ್ನು ಪ್ರಕಟಿಸಿದರು. ಬಹಳ ಜನ ನಂಬಲಿಲ್ಲ. ಅವರು ಬಿಡಲಿಲ್ಲ, ಮತ್ತೆ ಮತ್ತೆ ಪರೀಕ್ಷೆ ಮಾಡಿದರು.

1937ರಲ್ಲಿ ಟಾಮ್ ಮತ್ತು ಫ್ರಾಂಕ್ ಎಂಬ ವಿಜ್ಞಾನಿಗಳು ಕಾರಣ ತಿಳಿಸಿದರು. ನೀರಿನೊಳಗೆ ಬೆಳಕಿನ ವೇಗ ಕಡಿಮೆಯಾಗಿ ಸೆಕೆಂಡಿಗೆ ಸುಮಾರು 2 ಲಕ್ಷ 25 ಸಾವಿರ ಕಿಲೋಮೀಟರ್ ಆಗುತ್ತದೆ. ಅಲ್ಲಿ ಎಲೆಕ್ಟ್ರಾನ್ ಅದನ್ನು ಹಿಂದೆ ಹಾಕಬಲ್ಲದು. ಕೆರೆಯಲ್ಲಿ ದೋಣಿ ಅಲೆಗಿಂತ ಜೋರಾಗಿ ಹೋದರೆ ಹಿಂದೆ ಬಾಣದ ತುದಿಯಂಥ ಅಲೆ ಏಳುತ್ತದಲ್ಲ, ಹಾಗೆ ಎಲೆಕ್ಟ್ರಾನಿನ ಹಿಂದೆ ನೀಲಿ ಬೆಳಕು ಏಳುತ್ತದೆ. ಆದರೆ ಏನೂ ಇಲ್ಲದ ಬಯಲಿನಲ್ಲಿ, ಅಂದರೆ ನಿರ್ವಾತದಲ್ಲಿ, ಬೆಳಕನ್ನು ಹಿಂದೆ ಹಾಕಿದ್ದು ಇವತ್ತಿಗೂ ಯಾವುದೂ ಕಂಡಿಲ್ಲ. ಗುರುಗಳ ಮಾತೂ ಖರೆ, ನನ್ನ ಪ್ರಶ್ನೆಯೂ ಸುಳ್ಳಲ್ಲ.

1958ರಲ್ಲಿ ಈ ಮೂವರಿಗೂ ನೊಬೆಲ್ ಪ್ರಶಸ್ತಿ ಬಂತು. ಚೆರೆಂಕೋವ್ 1990ರ ಜನವರಿ 6ರಂದು ತೀರಿಕೊಂಡರು. ನಮ್ಮ ಉತ್ತರ ಕನ್ನಡ ಜಿಲ್ಲೆಯ ಕೈಗಾ ಅಣು ವಿದ್ಯುತ್ ಕೇಂದ್ರದಲ್ಲಿ ಉರಿದ ಇಂಧನವನ್ನು ನೀರಿನ ಕೊಳದಲ್ಲಿ ಇಡುತ್ತಾರೆ. ಅಂಥ ನೀರಿನಲ್ಲಿ ಕಾಣುವುದು ಇದೇ ನೀಲಿ ಬೆಳಕು.

ಮೊನ್ನೆ ಕರೆಂಟು ಹೋದಾಗ ನಾನೂ ಕತ್ತಲಲ್ಲಿ ಸುಮ್ಮನೆ ಕೂತೆ. ಮೊದಲು ಏನೂ ಕಾಣಲಿಲ್ಲ. ಆಮೇಲೆ ನಿಧಾನಕ್ಕೆ ಕೊಡ ಕಂಡಿತು, ಅವ್ವನ ಕೈಬಳೆ ಕಂಡಿತು. ಮಿತ್ರರೇ, ಪ್ರಶ್ನೆ ಕೇಳಲು ನಾಚಬೇಡಿರಿ. ಉತ್ತರ ಕಾಣುವ ತನಕ ಕಾಯಿರಿ.

— ಏಳನೇ ತರಗತಿ, ಪಾಳಾ