ವಕೀಲರ ಪೇಪರ್ ಬದುಕಿದ್ದು ನಾಲ್ಕೇ ವರ್ಷ

ಚುನಾವಣೆ ಹತ್ತಿರ ಬಂತು ಅಂದರೆ ಸಾಕು, ಊರೂರಲ್ಲೂ ಒಂದೊಂದು ಹೊಸ ಪೇಪರ್ ತಲೆ ಎತ್ತುತ್ತೆ. ಹಿಂದೆ ಒಬ್ಬ ದುಡ್ಡಿರುವ ಧಣಿ, ಮುಂದೆ ಒಬ್ಬ ಸಂಬಳದ ಸಂಪಾದಕ. ಫಲಿತಾಂಶ ಬಂದ ಮೇಲೆ ಧಣಿಯೂ ಇಲ್ಲ, ಪೇಪರೂ ಇಲ್ಲ. ಅಂಗಡಿಯಲ್ಲಿ ಪೊಟ್ಟಣ ಕಟ್ಟೋದಕ್ಕೆ ಒಂದಿಷ್ಟು ಹಳೇ ಕಟ್ಟು ಉಳಿಯುತ್ತೆ, ಅಷ್ಟೆ. ಈ ಕಾಯಿಲೆ ಹೊಸದೇನಲ್ಲ. ನೂರು ವರ್ಷದ ಹಿಂದೆಯೇ ದೇಶದ ದೊಡ್ಡ ವಕೀಲರೊಬ್ಬರು ಪೇಪರ್ ಮಾಡಲು ಹೋಗಿ ಕೈ ಸುಟ್ಟುಕೊಂಡಿದ್ದರು. ಅವರೇ ಪಂಡಿತ ಮೋತಿಲಾಲ್ ನೆಹರೂ.

ಮೋತಿಲಾಲರು ಹುಟ್ಟಿದ್ದು 1861ರ ಮೇ 6ರಂದು, ಆಗ್ರಾದಲ್ಲಿ. ತಂದೆ ಗಂಗಾಧರ ದೆಹಲಿಯ ಕೊತ್ವಾಲರಾಗಿದ್ದವರು, ಮಗ ಹುಟ್ಟುವ ಮೊದಲೇ ತೀರಿಕೊಂಡರು. ಸಾಕಿದ್ದು ಅಣ್ಣ ನಂದಲಾಲ್. ಕಾನಪುರದಲ್ಲಿ ವಕೀಲಿ ಕಲಿತು ಅಲಹಾಬಾದಿಗೆ, ಅಂದರೆ ಈಗಿನ ಪ್ರಯಾಗರಾಜ್‌ಗೆ, ಬರುವ ಹೊತ್ತಿಗೆ 1886. ಮರುವರ್ಷವೇ ಅಣ್ಣನೂ ಹೋದರು. ದೊಡ್ಡ ಸಂಸಾರದ ಭಾರ ಇಪ್ಪತ್ತೈದರ ಹುಡುಗನ ಹೆಗಲಿಗೆ ಬಿತ್ತು.

ಜಮೀನ್ದಾರರ ಆಸ್ತಿ ವ್ಯಾಜ್ಯಗಳಲ್ಲಿ ಮೋತಿಲಾಲರ ಮಾತಿಗೆ ಎದುರಿರಲಿಲ್ಲ. ದುಡ್ಡು ಹೊಳೆಯಾಗಿ ಹರಿಯಿತು. ಆನಂದ ಭವನ ಎದ್ದು ನಿಂತಿತು. ಅವರ ಬಟ್ಟೆ ಒಗೆಯೋಕೆ ಪ್ಯಾರಿಸ್‌ಗೆ ಹೋಗುತ್ತಿತ್ತು ಅಂತ ಈಗಲೂ ಬಸ್ಸಿನಲ್ಲಿ ಹೇಳುವವರಿದ್ದಾರೆ. ಮಗ ಜವಾಹರಲಾಲ್ ತಮ್ಮ ಆತ್ಮಕಥೆಯಲ್ಲಿ ಅದು ಬರೀ ಕಟ್ಟುಕತೆ ಅಂತ ತಳ್ಳಿಹಾಕಿದ್ದಾರೆ.

ಊರಲ್ಲಿ ಆಗ ಲೀಡರ್ ಎಂಬ ಇಂಗ್ಲಿಷ್ ಪತ್ರಿಕೆ ಇತ್ತು. 1909ರಲ್ಲಿ ಮದನ ಮೋಹನ ಮಾಳವೀಯರು ಶುರು ಮಾಡಿದ್ದು. ಅದರ ನಿರ್ದೇಶಕ ಮಂಡಳಿಗೆ ಮೊದಲ ಅಧ್ಯಕ್ಷರು ಇದೇ ಮೋತಿಲಾಲರು. ಸಂಪಾದಕ ಸಿ.ವೈ. ಚಿಂತಾಮಣಿ ಗಟ್ಟಿ ಆಸಾಮಿ. ಆದರೆ ಮೆತ್ತಗಿನ ರಾಜಕೀಯದವರು, ಸರ್ಕಾರದ ಜೊತೆ ಮಾತಾಡಿ ಕೆಲಸ ಮಾಡಿಸಬೇಕು ಅನ್ನುವ ಬಣ. 1917ರಲ್ಲಿ ಅನಿಬೆಸೆಂಟರನ್ನು ಸರ್ಕಾರ ಬಂಧನದಲ್ಲಿಟ್ಟಾಗ ಮೋತಿಲಾಲರು ಸಿಡಿದು ಹೋಂರೂಲ್ ಕಡೆ ವಾಲಿದರು. ಲೀಡರ್ ವಾಲಲಿಲ್ಲ. ಹಾಗಾದರೆ ನಮ್ಮದೇ ಒಂದು ಪೇಪರ್ ಇರಲಿ ಅಂತ 1919ರ ಫೆಬ್ರವರಿ 5ರಂದು ಇಂಡಿಪೆಂಡೆಂಟ್ ದಿನಪತ್ರಿಕೆ ಹೊರಡಿಸಿಯೇ ಬಿಟ್ಟರು.

ಸಂಪಾದಕರಾಗಿ ಬಂದವರು ಬಾಂಬೆ ಕ್ರಾನಿಕಲ್‌ನ ಸೈಯದ್ ಹುಸೇನ್. ಬರವಣಿಗೆ ಬೆಂಕಿ. ಎರಡೇ ತಿಂಗಳಲ್ಲಿ ಜಲಿಯನ್‌ವಾಲಾ ಬಾಗ್ ಹತ್ಯೆ ನಡೆಯಿತು. ಮೋತಿಲಾಲರು ಪಂಜಾಬಿನ ವಿಚಾರಣೆಗೆ ಓಡಾಡಿದರು, ಆ ವರ್ಷವೇ ಅಮೃತಸರ ಕಾಂಗ್ರೆಸ್ಸಿನ ಅಧ್ಯಕ್ಷರಾದರು. ಪೇಪರಿಗೆ ಸುದ್ದಿಗೆ ಬರವಿರಲಿಲ್ಲ. ಬರವಿದ್ದದ್ದು ಲೆಕ್ಕ ನೋಡುವವರಿಗೆ. ನಿರ್ದೇಶಕರಲ್ಲಿ ಒಬ್ಬರಾಗಿದ್ದ ಜವಾಹರಲಾಲ್, ತಮಗೆ ಆ ವ್ಯವಹಾರದ ಗಂಧವೇ ಇರಲಿಲ್ಲ ಅಂತ ಮುಂದೆ ಒಪ್ಪಿಕೊಂಡರು. ಒಳಜಗಳ ಬೇರೆ. ನಷ್ಟ ತುಂಬಿದ್ದು ಅಪ್ಪನ ಜೇಬು. ಅಸಹಕಾರ ಚಳವಳಿಗಾಗಿ ಮೋತಿಲಾಲರು ವಕೀಲಿಯನ್ನೇ ಬಿಟ್ಟಾಗ ಆ ಜೇಬಿಗೂ ತೂತು ಬಿತ್ತು.

1921ರ ಡಿಸೆಂಬರ್ 6ರಂದು ಅಪ್ಪ ಮಗ ಇಬ್ಬರನ್ನೂ ಪೊಲೀಸರು ಹಿಡಿದರು. ಕೋರ್ಟಿನಲ್ಲಿ ಮೋತಿಲಾಲರ ಸಹಿ ಗುರುತಿಸಲು ಒಬ್ಬ ಸಾಕ್ಷಿಯನ್ನು ತಂದು ನಿಲ್ಲಿಸಿದರು. ಅವನಿಗೆ ಓದೋಕೇ ಬಾರದು, ಕಾಗದವನ್ನು ತಲೆಕೆಳಗೆ ಹಿಡಿದು ಹೌದು ಅಂದ. ನಾಲ್ಕು ವರ್ಷದ ಮೊಮ್ಮಗಳು ಇಂದಿರಾ ಕಟಕಟೆಯಲ್ಲಿ ತಾತನ ತೋಳಲ್ಲಿದ್ದಳು. ಆರು ತಿಂಗಳ ಸಜಾ, 500 ರೂಪಾಯಿ ದಂಡ. ಆಗ ಪತ್ರಿಕೆ ನಡೆಸುತ್ತಿದ್ದ ಜಾರ್ಜ್ ಜೋಸೆಫ್ ಕೂಡ ಜೈಲು ಸೇರಿದರು.

ಗಾಂಧೀಜಿ ತಮ್ಮ ಕಾರ್ಯದರ್ಶಿ ಮಹಾದೇವ ದೇಸಾಯಿಯವರನ್ನು ಅಲಹಾಬಾದಿಗೆ ಬಿಟ್ಟುಕೊಟ್ಟಿದ್ದರು. ಸರ್ಕಾರ ಠೇವಣಿ ಮುಟ್ಟುಗೋಲು ಹಾಕಿ ಪತ್ರಿಕೆಯ ಅಚ್ಚು ನಿಲ್ಲಿಸಿತು. ದೇಸಾಯಿ ಸುಮ್ಮನೆ ಕೂರಲಿಲ್ಲ. ಕೈಯಲ್ಲೇ ಬರೆದು, ಪ್ರತಿ ತೆಗೆದು ಹಂಚಿದರು. ಡಿಸೆಂಬರ್ 24ರಂದು ಅವರಿಗೂ ಒಂದು ವರ್ಷ ಸಜಾ ಆಯಿತು. ನೋಡಿ, ದೊಡ್ಡ ಬಂಡವಾಳ, ಅಚ್ಚಿನ ಯಂತ್ರ ಎಲ್ಲಾ ಇದ್ದಾಗ ಒದ್ದಾಡಿದ ಪೇಪರ್ ಇದು. ಜನ ಇವತ್ತಿಗೂ ನೆನೆಯುವುದು ಮಾತ್ರ ಆ ಕೈಬರಹದ ಹಾಳೆಗಳನ್ನೇ.

1922ರಲ್ಲಿ ಮೋತಿಲಾಲರು ಬಿಡುಗಡೆಯಾಗಿ ಬಂದರು. 1923ರ ಶುರುವಿನಲ್ಲಿ ಚಿತ್ತರಂಜನ ದಾಸರ ಜೊತೆ ಸ್ವರಾಜ್ ಪಕ್ಷ ಕಟ್ಟಿದರು. ಪಕ್ಷ ಎದ್ದ ವರ್ಷವೇ ಪೇಪರ್ ಮಲಗಿತು. 1930ರಲ್ಲಿ ಹಳೇ ಆನಂದ ಭವನವನ್ನೂ ದೇಶಕ್ಕೆ ಕೊಟ್ಟುಬಿಟ್ಟರು. 1931ರ ಫೆಬ್ರವರಿ 6ರಂದು ಲಖನೌದಲ್ಲಿ ತೀರಿಕೊಂಡರು.

ಅವರು ಬಿಟ್ಟು ಬಂದ ಲೀಡರ್ 1967ರ ತನಕ ನಡೆಯಿತು. ಮೆತ್ತಗಿನ ರಾಜಕೀಯ ಗೆದ್ದಿತು ಅಂತ ಇದರ ಅರ್ಥವಲ್ಲ, ಆ ರಾಜಕೀಯ ಎಂದೋ ಮೂಲೆ ಸೇರಿತ್ತು. ಲೀಡರ್‌ನಲ್ಲಿ ದಿನಾ ಕುರ್ಚಿಗೆ ಅಂಟಿ ಕೂತು ಕೆಲಸ ನೋಡುವವರಿದ್ದರು. ಇಂಡಿಪೆಂಡೆಂಟ್‌ನಲ್ಲಿ ಎಲ್ಲರೂ ಜೈಲಿಗೆ ಹೋಗುವವರೇ. ಪೇಪರ್ ಉಳಿಯಲಿಲ್ಲ ನಿಜ. ಆದರೆ ಧಣಿ ಸ್ವಂತ ದುಡ್ಡು ಕಳಕೊಂಡರು, ಜೊತೆಗೆ ತಾವೂ ಜೈಲಿಗೆ ಹೋದರು. ಈಗ ಚುನಾವಣೆಗೆ ಪೇಪರ್ ಹೊರಡಿಸುವ ಧಣಿಗಳು ಇಷ್ಟನ್ನಾದರೂ ಲೆಕ್ಕಕ್ಕೆ ಇಟ್ಟುಕೊಳ್ಳಲಿ.