ಬೀಳಗಿಯ ಕೋಗಿಲೆ ಅಮೀರ್‌ಬಾಯಿ: ಅಭಿಮಾನಿಯ ಅಳಲಿಗೆ ಕೊನೆಯಿಲ್ಲ

(ನಮ್ಮ ವರದಿಗಾರರಿಂದ)

ಬೀಳಗಿ: ಕೃಷ್ಣಾ ತೀರದ ಈ ಸಣ್ಣ ಊರಿನಿಂದ ಹೊರಟು, ಮುಂಬಯಿಯ ಚಿತ್ರರಂಗದಲ್ಲಿ ಒಂದು ದಶಕ ಕಾಲ ಮೆರೆದ ಗಾಯಕಿ ಅಮೀರ್‌ಬಾಯಿ ಕರ್ನಾಟಕಿ 1965ರ ಮಾರ್ಚ್ 3ರಂದು ಕಣ್ಣು ಮುಚ್ಚಿದರು. ಆ ಸುದ್ದಿ ಇಪ್ಪತ್ತು ವರ್ಷ ಮೊದಲೇ ಬಂದಿದ್ದರೆ ದೇಶದ ಮೂಲೆ ಮೂಲೆಯಲ್ಲಿ ಜನ ಕಂಬನಿ ಮಿಡಿಯುತ್ತಿದ್ದರು. ಆದರೆ 1965ರ ವೇಳೆಗೆ ಅವರ ಹಾಡು ಹಿಂದಿನ ಪೀಳಿಗೆಯ ನೆನಪಾಗಿತ್ತು. ಮೆಚ್ಚಿದ ಕಲಾವಿದೆಯ ಸಾವಿಗೆ ಮೊದಲೇ ಆಕೆಯ ದನಿ ಮರೆಯಾಗುವುದನ್ನು ಕಂಡ ಅಭಿಮಾನಿಗಳ ದುಃಖ ಬೇರೆಯೇ ಬಗೆಯದು. ಅಮೀರ್‌ಬಾಯಿಯ ಅಭಿಮಾನಿಗಳ ಪಾಲಿಗೆ ಬಂದದ್ದು ಅಂಥ ದುಃಖ.

ಹಾಡಿನ ಮನೆ, ಹಾಡಿನ ಸೀಮೆ

ಅಮೀರ್‌ಬಾಯಿ ಹುಟ್ಟಿದ ಕಾಲಕ್ಕೆ ಬೀಳಗಿ ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಗೆ ಸೇರಿತ್ತು. ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ನೆರೆಯ ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರ ಸಂಸ್ಥಾನ. ರಬಕವಿ, ಬನಹಟ್ಟಿಗಳು ಮಗ್ಗದ ಸದ್ದಿನ ಊರುಗಳು. ಆಳುವವರು ಬೇರೆ ಬೇರೆಯಾದರೂ ಈ ಸೀಮೆಯ ಜನರ ಹುಚ್ಚು ಒಂದೇ ಆಗಿತ್ತು: ಆಟ ಮತ್ತು ಹಾಡು. ಶ್ರೀಕೃಷ್ಣ ಪಾರಿಜಾತ ಬೆಳಗಾಗುವವರೆಗೆ ನಡೆಯುತ್ತಿತ್ತು. ಕನ್ನಡ ನಾಟಕ ಕಂಪನಿಗಳು ಊರೂರಿಗೆ ಬರುತ್ತಿದ್ದವು. ಮರಾಠಿ ನಾಟ್ಯಸಂಗೀತದ ಮಟ್ಟುಗಳು ಕನ್ನಡದ ಕಂಠಗಳಲ್ಲಿ ಹೊಸ ಹುಟ್ಟು ಪಡೆಯುತ್ತಿದ್ದವು.

ತಂದೆ ಹುಸೇನ್‌ಸಾಬರಿಗೆ ತಬಲಾ, ತಾಯಿ ಅಮೀನಾಬಿಗೆ ಹಾಡು. ತಾಳವನ್ನೂ ರಾಗವನ್ನೂ ಮಕ್ಕಳು ಮನೆಯಲ್ಲಿಯೇ ಕಲಿತರು. ಐವರು ಹೆಣ್ಣುಮಕ್ಕಳಲ್ಲಿ ಹೆಸರು ಮಾಡಿದವರು ಇಬ್ಬರು: ಹಿರಿಯಳಾದ ಗೋಹರ್‌ಬಾಯಿ ಮತ್ತು ಅವಳ ಬೆನ್ನಿಗೆ ಬಿದ್ದ ಅಮೀರ್‌ಬಾಯಿ. ಸ್ತ್ರೀಪಾತ್ರಗಳನ್ನು ಹೆಚ್ಚಾಗಿ ಗಂಡಸರೇ ವಹಿಸುತ್ತಿದ್ದ ಕಾಲ ಇನ್ನೂ ಮುಗಿದಿರಲಿಲ್ಲ. ಹೆಣ್ಣು ರಂಗವೇರಿ ಹಾಡಿದರೆ ಸಭಿಕರು ಚಪ್ಪಾಳೆ ತಟ್ಟುತ್ತಿದ್ದರು. ಮರುದಿನ ಅದೇ ಸಮಾಜ ಆಕೆಯ ಕುಲಶೀಲ ಕೇಳುತ್ತಿತ್ತು. ಈ ಎರಡನ್ನೂ ಸೋದರಿಯರು ಬದುಕಿನುದ್ದಕ್ಕೂ ಉಂಡರು.

ಗೋಹರ್ ಮೊದಲು ಮುಂಬಯಿ ಸೇರಿದರು. ಮರಾಠಿ ರಂಗಭೂಮಿಯ ಮೇರುನಟ ಬಾಲಗಂಧರ್ವರ ಗಾಯನವನ್ನು ಮೈಗೂಡಿಸಿಕೊಂಡಿದ್ದ ಅವರು, 1930ರ ದಶಕದ ಕೊನೆಯಲ್ಲಿ ಅವರ ಕಂಪನಿಗೇ ಸೇರಿ ನಾಯಕಿಯ ಪಾತ್ರ ವಹಿಸತೊಡಗಿದರು. ಹೆಣ್ಣಿನ ವೇಷದಿಂದಲೇ ಮಹಾರಾಷ್ಟ್ರದ ಮನ ಗೆದ್ದ ನಟನ ಎದುರು ಬೀಳಗಿಯ ಹೆಣ್ಣುಮಗಳು ನಾಯಕಿಯಾಗಿ ನಿಂತದ್ದು ಸಾಮಾನ್ಯ ಸಂಗತಿಯಲ್ಲ. ಬಾಲಗಂಧರ್ವರ ಅಭಿಮಾನಿಗಳಲ್ಲಿ ಅನೇಕರು ಆಕೆಯನ್ನು ಒಪ್ಪಲಿಲ್ಲ. ಆದರೂ ಅವರಿಬ್ಬರ ಬಾಳು ಕೊನೆಯವರೆಗೂ ಒಂದಾಗಿ ಸಾಗಿತು.

ಮುಂಬಯಿಯ ಮೆಟ್ಟಿಲು

ಅಕ್ಕನ ನೆರಳಿನಲ್ಲಿ ಅಮೀರ್‌ಬಾಯಿಯೂ ಮುಂಬಯಿಯ ದಾರಿ ಹಿಡಿದರು. 1934ರ ವಿಷ್ಣುಭಕ್ತಿ ಚಿತ್ರದಿಂದ ಅವರ ಸಿನಿಮಾ ಬದುಕು ಆರಂಭವಾಯಿತು. ನಟಿಸುವವರೇ ಹಾಡಬೇಕಾಗಿದ್ದ ದಿನಗಳವು. ಮೊದಲ ವರ್ಷಗಳು ಸಣ್ಣಪುಟ್ಟ ಪಾತ್ರಗಳಲ್ಲಿ ಕಳೆದವು. ಹಿನ್ನೆಲೆ ಗಾಯನದ ಪದ್ಧತಿ ಬೇರೂರಿದಂತೆ ತೆರೆಯ ಮೇಲಿನ ಮುಖವೊಂದು, ತೆರೆಯ ಹಿಂದಿನ ಕಂಠವೊಂದು ಎಂಬ ವ್ಯವಸ್ಥೆ ಬಂತು. ಅಮೀರ್‌ಬಾಯಿಯ ಅದೃಷ್ಟ ತೆರೆದದ್ದು ಆಗ.

1943ರಲ್ಲಿ ಬಾಂಬೆ ಟಾಕೀಸ್ ಸಂಸ್ಥೆಯ ಕಿಸ್ಮತ್ ತೆರೆಕಂಡಿತು. ನಿರ್ದೇಶನ ಜ್ಞಾನ್ ಮುಖರ್ಜಿ, ಸಂಗೀತ ಅನಿಲ್ ಬಿಸ್ವಾಸ್, ಗೀತರಚನೆ ಕವಿ ಪ್ರದೀಪ್. ಅಶೋಕ್ ಕುಮಾರ್ ನಾಯಕ, ಮುಮ್ತಾಜ್ ಶಾಂತಿ ನಾಯಕಿ. ನಾಯಕಿಯ ತುಟಿಗೆ ದನಿಯಾದವರು ಅಮೀರ್‌ಬಾಯಿ. ಕಲಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ಈ ಚಿತ್ರ ಮೂರು ವರ್ಷಕ್ಕೂ ಮೀರಿ ಓಡಿತು. ಬಹುಕಾಲದವರೆಗೆ ಆ ದಾಖಲೆಯನ್ನು ಯಾವ ಚಿತ್ರವೂ ಮುರಿಯಲಿಲ್ಲ.

ಕಿಸ್ಮತ್‌ನ ಒಂದು ಹಾಡಿಗೆ ಚರಿತ್ರೆಯಲ್ಲಿಯೂ ಜಾಗವಿದೆ. ಕ್ವಿಟ್ ಇಂಡಿಯಾ ಚಳವಳಿ ಹೊತ್ತಿ ಉರಿದ ಮರುವರ್ಷವೇ ಬಂದ ಆ ಹಾಡು, ಹಿಂದೂಸ್ಥಾನ ನಮ್ಮದು, ಪರರು ದೂರ ಸರಿಯಿರಿ ಎಂಬ ಅರ್ಥದ್ದು. ಜರ್ಮನಿ, ಜಪಾನುಗಳ ಹೆಸರನ್ನು ಸೇರಿಸಿದ್ದರಿಂದ ಅದು ಶತ್ರು ರಾಷ್ಟ್ರಗಳ ವಿರುದ್ಧದ ಯುದ್ಧಗೀತೆಯೆಂದು ಸೆನ್ಸಾರಿನ ಕಣ್ಣಿಗೆ ಕಂಡಿತು. ಪ್ರೇಕ್ಷಕರಿಗೆ ಮಾತ್ರ ಒಳಗಿನ ಅರ್ಥ ಸ್ಪಷ್ಟವಾಗಿ ತಿಳಿಯಿತು. ಖಾನ್ ಮಸ್ತಾನಾ ಅವರೊಡನೆ ಅದನ್ನು ಹಾಡಿದವರೂ ಅಮೀರ್‌ಬಾಯಿಯೇ. ಸ್ವಾತಂತ್ರ್ಯ ಹೋರಾಟದಲ್ಲಿ ಕನ್ನಡಿಗರ ಪಾಲನ್ನು ಎಣಿಸುವಾಗ ಬೀಳಗಿಯ ಈ ದನಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಮುಂದಿನ ನಾಲ್ಕೈದು ವರ್ಷ ಅವರಿಗೆ ಬಿಡುವೇ ಇರಲಿಲ್ಲ. 1944ರ ರತನ್ ಚಿತ್ರದಲ್ಲಿ ನೌಷಾದ್, ಅದೇ ವರ್ಷದ ಭರ್ತೃಹರಿಯಲ್ಲಿ ಖೇಮಚಂದ್ ಪ್ರಕಾಶ್, 1947ರ ಶಹನಾಯಿಯಲ್ಲಿ ಸಿ. ರಾಮಚಂದ್ರ ಅವರಿಂದ ಹಾಡಿಸಿದರು. ಹಿಂದಿಯಲ್ಲದೆ ಗುಜರಾತಿಯಲ್ಲಿಯೂ ಅವರ ಹಾಡುಗಳು ಮನೆಮಾತಾದವು. 1948ರ ಶಹನಾಜ್ ಚಿತ್ರಕ್ಕೆ ಸ್ವತಃ ಅವರೇ ಸಂಗೀತ ನೀಡಿದರು. ಮಹಿಳೆಯರು ಸಂಗೀತ ನಿರ್ದೇಶಕರಾಗುವುದು ತೀರ ಅಪರೂಪವಾಗಿದ್ದ ಕಾಲದಲ್ಲಿ ಇದೊಂದು ದಿಟ್ಟ ಹೆಜ್ಜೆ. ಕನ್ನಡಿಗರು ಅವರನ್ನು ಕನ್ನಡ ಕೋಗಿಲೆ ಎಂದು ಕರೆದರು. ಹೆಸರಿನ ಕೊನೆಗೆ ಅಂಟಿಸಿಕೊಂಡ ಕರ್ನಾಟಕಿ ಎಂಬ ಪದವನ್ನು ಅವರು ಎಂದೂ ಕಳಚಲಿಲ್ಲ. ಆ ಹೆಸರು ಪ್ರಸಿದ್ಧವಾದಾಗ ಕರ್ನಾಟಕ ಎಂಬ ರಾಜ್ಯ ಇನ್ನೂ ನಕ್ಷೆಯಲ್ಲಿರಲಿಲ್ಲ. ರಾಜ್ಯಕ್ಕೆ ಆ ಹೆಸರು ಬಂದದ್ದು 1973ರಲ್ಲಿ.

ಮನೆಯೊಳಗಿನ ಕತ್ತಲೆ

ಕೀರ್ತಿ ಏರುತ್ತಿದ್ದ ದಿನಗಳಲ್ಲಿಯೇ ಸಂಸಾರ ಕಹಿಯಾಯಿತು. ಖಳಪಾತ್ರಗಳಿಂದ ಹೆಸರಾದ ನಟ ಹಿಮಾಲಯವಾಲಾ ಅವರೊಂದಿಗಿನ ಮದುವೆ ಅಮೀರ್‌ಬಾಯಿಗೆ ನೋವನ್ನಷ್ಟೇ ತಂದಿತು. ಸಂಬಂಧ ಕಡಿದುಹೋಯಿತು. ದೇಶವಿಭಜನೆಯ ನಂತರ ಆತ ಪಾಕಿಸ್ತಾನಕ್ಕೆ ಹೋದರು, ಅಮೀರ್‌ಬಾಯಿ ಇಲ್ಲಿಯೇ ಉಳಿದರು. ಮುಂದೆ ಪಾರಸ್ ಪತ್ರಿಕೆಯ ಸಂಪಾದಕ ಬದ್ರಿ ಕಾಂಚವಾಲಾ ಅವರನ್ನು ವರಿಸಿ ನೆಮ್ಮದಿ ಕಂಡರು.

ಅಷ್ಟರಲ್ಲಿ ಚಿತ್ರಸಂಗೀತದ ಗಾಳಿ ತಿರುಗಿತ್ತು. 1949ರಲ್ಲಿ ಬಂದ ಮಹಲ್ ಚಿತ್ರದೊಂದಿಗೆ ಲತಾ ಮಂಗೇಶ್ಕರ್ ಅವರ ಯುಗ ಆರಂಭವಾಯಿತು. ಆ ಚಿತ್ರದ ಸಂಗೀತ ನಿರ್ದೇಶಕರು ಬೇರಾರೂ ಅಲ್ಲ, ಭರ್ತೃಹರಿಯಲ್ಲಿ ಅಮೀರ್‌ಬಾಯಿಯಿಂದ ಹಾಡಿಸಿದ್ದ ಖೇಮಚಂದ್ ಪ್ರಕಾಶರೇ. ರಂಗಭೂಮಿಯಲ್ಲಿ ಕೊನೆಯ ಸಾಲಿನ ಪ್ರೇಕ್ಷಕನಿಗೂ ತಲುಪುವಂತೆ ಪಳಗಿದ ತುಂಬು ಕಂಠದ ಬದಲಿಗೆ, ಧ್ವನಿವರ್ಧಕಕ್ಕೆ ಒಗ್ಗುವ ತೆಳುವಾದ, ಎಳೆಯ ದನಿ ಬೇಕಾಯಿತು. ಅಮೀರ್‌ಬಾಯಿಯಂತೆಯೇ ಜೊಹ್ರಾಬಾಯಿ ಅಂಬಾಲೆವಾಲಿಯೂ ಹಿಂದೆ ಸರಿದರು. ಕಂಠಕ್ಕೆ ಮುಪ್ಪು ಬಂದಿರಲಿಲ್ಲ. ಕೇಳುವ ಕಿವಿಯ ರುಚಿ ಬದಲಾಗಿತ್ತು. ಅಮೀರ್‌ಬಾಯಿ ಮತ್ತೆ ಪೋಷಕ ಪಾತ್ರಗಳ ನಟಿಯಾದರು.

ಮೂರು ವರ್ಷ, ಮೂರು ಸಾವು

1964ರಲ್ಲಿ ಗೋಹರ್ ತೀರಿಕೊಂಡರು. ಮರುವರ್ಷವೇ ಅಮೀರ್‌ಬಾಯಿಗೆ ಪಾರ್ಶ್ವವಾಯು ಬಡಿಯಿತು. ಕೆಲವೇ ದಿನಗಳಲ್ಲಿ ಅವರೂ ಹೊರಟುಹೋದರು. 1967ರ ಜುಲೈ 15ರಂದು ಬಾಲಗಂಧರ್ವರು ನಿಧನರಾದರು. ರಂಗಗೀತೆಯ ಹಳೆಯ ರಸಿಕರ ಪಾಲಿಗೆ ಅವು ಸೂತಕ ಮುಗಿಯದ ವರ್ಷಗಳು.

ಅಮೀರ್‌ಬಾಯಿಯನ್ನು ಮಣ್ಣು ಮಾಡಿದ್ದು ವಿಜಾಪುರದಲ್ಲಿ. ಹೆಸರು ತಂದುಕೊಟ್ಟ ಮಹಾನಗರದಿಂದ ಅವರು ಕೊನೆಗೂ ತಮ್ಮ ಸೀಮೆಯ ನೆಲಕ್ಕೇ ಮರಳಿದರು. ಅದೇ ನಗರದಲ್ಲಿ ಅವರ ಕುಟುಂಬದ ಅಮೀರ್ ಟಾಕೀಸ್ ಎಂಬ ಚಿತ್ರಮಂದಿರ ಅವರ ಹೆಸರನ್ನು ಜನರ ನಾಲಗೆಯ ಮೇಲೆ ಉಳಿಸಿತು. ಟಿಕೆಟ್ಟಿಗಾಗಿ ಸಾಲು ನಿಂತ ಎಷ್ಟೋ ಮಂದಿಗೆ ಅಮೀರ್ ಎಂದರೆ ಚಿತ್ರಮಂದಿರ. ಅದರ ಹಿಂದೊಬ್ಬ ಗಾಯಕಿ ಇದ್ದಳೆಂಬುದು ಮರೆತೇಹೋಗಿತ್ತು.

ಆ ಕೊರತೆಯನ್ನು ಸ್ವಲ್ಪವಾದರೂ ತುಂಬಿದವರು ಅಭಿಮಾನಿಗಳು. ಸಿಲೋನ್ ರೇಡಿಯೊ ದಿನವೂ ಬೆಳಗ್ಗೆ ಬಿತ್ತರಿಸುತ್ತಿದ್ದ ಹಳೆಯ ಚಿತ್ರಗೀತೆಗಳನ್ನು ಕಾದು ಕುಳಿತು ಕೇಳಿದವರು, ಹಳೆಯ ಸಾಮಾನಿನ ಅಂಗಡಿಗಳಿಂದ ಅರಗಿನ ತಟ್ಟೆಗಳನ್ನು ಹೆಕ್ಕಿ ಜೋಪಾನ ಮಾಡಿದವರು ಆ ದನಿಯನ್ನು ಕಾಪಾಡಿದರು. ಒಂದು ಬದಿಗೆ ಸುಮಾರು ಮೂರು ನಿಮಿಷದ ಹಾಡು ಹಿಡಿಸುವ ಆ ತಟ್ಟೆ ಕೈಜಾರಿ ಬಿದ್ದರೆ ಚೂರುಚೂರು. ಒಡೆದದ್ದು ಕೊನೆಯ ಪ್ರತಿಯಾಗಿದ್ದರೆ ಆ ಹಾಡೂ ಅದರೊಂದಿಗೇ ಹೋದಂತೆ. ವಿಮರ್ಶಕ ರಹಮತ್ ತರೀಕೆರೆ ಅವರು ಅಮೀರ್‌ಬಾಯಿಯ ಬದುಕನ್ನು ಹುಡುಕಿ ಕನ್ನಡದಲ್ಲಿ ಪುಸ್ತಕ ಬರೆದ ಮೇಲೆ ಹೊಸ ಓದುಗರೂ ಆಕೆಯ ಕಡೆಗೆ ತಿರುಗಿದರು.

ಈಗ ಕಿಸ್ಮತ್‌ನ ಹಾಡುಗಳು ಅಂತರ್ಜಾಲದಲ್ಲಿ ಯಾರಿಗೂ ಸುಲಭವಾಗಿ ಸಿಗುತ್ತವೆ. ಅವರ ಕನ್ನಡ ರಂಗಗೀತೆಗಳ ಹಳೆಯ ಮುದ್ರಿಕೆಗಳಿಗೆ ಆ ಭಾಗ್ಯವಿಲ್ಲ. ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿಗಳ ಹಳೆಯ ಮನೆಗಳ ಅಟ್ಟದ ಮೇಲೆ ಎಲ್ಲಿಯಾದರೂ ಅಂಥ ತಟ್ಟೆಯೊಂದು ಧೂಳು ಹಿಡಿದು ಕುಳಿತಿದ್ದರೆ, ಗುಜರಿಗೆ ಹಾಕುವ ಮೊದಲು ಅದರ ಮೇಲಿನ ಹೆಸರನ್ನೊಮ್ಮೆ ಓದಿ ನೋಡುವುದು ಒಳ್ಳೆಯದು.